ಎರಡು ಸಲ ಒತ್ತುವ ಕಾಲು

ಇಮೇದಾ ವ್ಯಾನು ತಂದು ನನ್ನ ಷೆಡ್ಡಿನೆದುರು ನಿಲ್ಲಿಸಿದ್ದು
ಸಂಜೆ ಏಳಕ್ಕೆ, ಎಂಜಿನ್ ಆರಿಸದೆ.
‘ಏನಿಲ್ಲ, ಬ್ರೇಕು ಸ್ವಲ್ಪ ಮೆತ್ತಗಾಗಿದೆ.
ಬೆಳಿಗ್ಗೆ ಐದಕ್ಕೆ ಒಮಾಲೊಗೆ ಹೊರಡಬೇಕು.
ಆರು ಮೂಟೆ ಹಿಟ್ಟು, ಎರಡು ಗ್ಯಾಸು, ಒಬ್ಬಳು ದಾದಿ.’

ಡೆಲಿಕಾ. ಮೂವತ್ತನಾಲ್ಕು ವರ್ಷದವಳು.
ಜಪಾನಿನಿಂದ ಹಡಗು ಹತ್ತಿ ಜಾರ್ಜಿಯಾಕ್ಕೆ ಬಂದವಳು,
ಚುಕ್ಕಾಣಿ ಮಾತ್ರ ಇನ್ನೂ ತವರಿನ ಕಡೆಗೇ, ಬಲಕ್ಕೆ.
ನಾಲ್ಕೂ ಚಕ್ರದಲ್ಲಿ ಕಸುವಿದೆ, ಏರಿಗೆ ಅಂಜುವವಳಲ್ಲ.
ಆದರೆ ಅಬಾನೊ ಘಾಟಿ ದಾಟಿದವರನ್ನು ಕೇಳಿ:
ಹತ್ತುವುದು ಎಂಜಿನ್ನಿನ ಮಾತು,
ಇಳಿಯುವುದು ಪಾದದ್ದು.

ಪೆಡಲಿನ ಮೇಲೆ ಕಾಲಿಟ್ಟೆ.
ಹೂಂ ಅಂದಿತು. ಹೂಂ ಹೂಂ ಅಂದಿತು.
ಸಾಲ ಕೇಳಿದಾಗ ನನ್ನ ಭಾವ ಹೂಂಗುಟ್ಟುವ ಹಾಗೆ,
ಇಲ್ಲ ಅನ್ನುವುದಿಲ್ಲ, ಕೊಡುವುದೂ ಇಲ್ಲ.
ನೆಲಕ್ಕೆ ಎರಡು ಬೆರಳಷ್ಟು ಉಳಿದಾಗ
ಏನೋ ನೆನಪಾದಂತೆ ಬಿಗಿಯಿತು.
ಬಿಟ್ಟು ಮತ್ತೆ ಒತ್ತಿದೆ: ಈ ಸಲ ಮೇಲೆಯೇ ಸಿಕ್ಕಿತು.

‘ಎಷ್ಟು ದಿನದಿಂದ?’
‘ನಿನ್ನೆಯಿಂದ’ ಅಂದ ಇಮೇದಾ, ಟೈರು ನೋಡುತ್ತ.

ಒತ್ತಿ ಹಿಡಿದು ನೂರು ಎಣಿಸಿದೆ. ಕುಸಿಯಲಿಲ್ಲ.
ಅಂದರೆ ಮೇಲಿನ ಸಿಲಿಂಡರು ನಿಯತ್ತಿನದು.
ಹಿಂದಿನ ಡ್ರಮ್ಮು ಬಿಚ್ಚಿ, ಸವೆದ ಶೂಗಳನ್ನು
ಒಂದೊಂದೇ ಹಲ್ಲು ತಿರುಗಿಸಿ ಹತ್ತಿರ ತಂದೆ.
ಕೂದಲೆಳೆ ಸುಧಾರಿಸಿತು. ಅಷ್ಟೇ.

ಇನ್ನು ಗಾಳಿ ತೆಗೆಯಬೇಕು, ಅದು ಇಬ್ಬರ ಕೆಲಸ.
ಇಮೇದಾ ಸಿಗರೇಟಿಗೆ ಹೊರಗೆ ಹೋದ.
ಪಿಕ್ರಿಯಾ ಸೀಟಿಗೆ ಹತ್ತಿದಳು, ಅವನ ಹೆಂಡತಿ,
ಇಪ್ಪತ್ತು ವರ್ಷ ಹೊಲಿಗೆ ಮಷೀನು ತುಳಿದ ಪಾದ.
ಅತಿ ದೂರದ ಚಕ್ರ ಮೊದಲು: ಹಿಂದೆ, ಎಡಕ್ಕೆ.
ನಾನು ಕೆಳಗೆ, ಬೆನ್ನಿಗೆ ರಟ್ಟು, ಕೈಗೆ ಸ್ಪ್ಯಾನರು.

ಒತ್ತು.
ಹಿಡಿ.
(ತಿರುಪು ಸಡಿಲ, ತಿರುಪು ಬಿಗಿ.)
ಬಿಡು.

ಸೀಸೆಗೆ ಇಳಿದದ್ದು ಹಳೇ ಚಹಾದ ಬಣ್ಣ.
ಗುಳ್ಳೆ? ಒಂದಾದರೂ ಬರಲಿ ಅಂತ ಬೇಡಿಕೊಂಡೆ.
ಬಂದಿದ್ದರೆ ಎಲ್ಲರೂ ಊಟಕ್ಕೆ ಹೋಗಬಹುದಿತ್ತು.
ನಾಲ್ಕು ಚಕ್ರ ಮುಗಿದರೂ ಅದೇ ಹೂಂ.

ಮೇಲಿನಿಂದ ಪಿಕ್ರಿಯಾಳ ದನಿ, ತಗ್ಗಿನಲ್ಲಿ:
‘ನಿನ್ನೆಯಿಂದ ಅಲ್ಲ. ಈಸ್ಟರಿಗೆ ತೆಲಾವಿಗೆ ಹೋದಾಗಲೇ
ತಿರುವು ತಿರುವಿಗೆ ಎರಡೆರಡು ಸಲ ಒತ್ತುತ್ತಿದ್ದ.
ಯಾವುದೋ ಹಾಡಿಗೆ ತಾಳ ಅಂದುಕೊಂಡಿದ್ದೆ.’
ನಾನು ಏನೂ ಹೇಳಲಿಲ್ಲ.
ಕಣ್ಣಿಗೆ ಎಣ್ಣೆಯ ಹನಿ ಬಿದ್ದಿತ್ತು.

ಕೊನೆಗೆ ರಬ್ಬರ್ ಕೊಳವೆಗಳು. ಒಂದೊಂದಕ್ಕೂ
ಬಟ್ಟೆ ಸುತ್ತಿ ಇಕ್ಕಳ ಕಚ್ಚಿಸಿದೆ.
ಮುಂದಿನ ಎಡಗಡೆಯದನ್ನು ಕಚ್ಚಿಸಿದ್ದೇ ತಡ
‘ಅಯ್ಯೋ, ಕಲ್ಲು!’ ಅಂದಳು ಪಿಕ್ರಿಯಾ.

ಇಕ್ಕಳ ತೆಗೆದು ಇಮೇದಾನನ್ನು ಕರೆದೆ, ಟಾರ್ಚು ಕೊಟ್ಟೆ,
ಮಾತಾಡದೆ ತೋರಿಸಿದೆ.
ಒತ್ತು, ಅಂದೆ.
ಕೊಳವೆ ಉಬ್ಬಿತು, ಕಪ್ಪೆಯ ಗಂಟಲಿನ ಹಾಗೆ.
ಬಿಡು, ಅಂದೆ. ಇಳಿಯಿತು.
ಒತ್ತು. ಉಬ್ಬಿತು.
ಚಕ್ರಕ್ಕೆ ಹೋಗಬೇಕಾದ ಬಲವನ್ನೆಲ್ಲ
ದಾರಿಯಲ್ಲೇ ನುಂಗುತ್ತಿತ್ತು ಒಂದು ಗೇಣು ರಬ್ಬರು.

‘ಎರಡು ಸಲ ಒತ್ತಿದರೆ ಹಿಡಿಯುತ್ತದಲ್ಲ’ ಅಂದ.
ಅವನಿಗೇ ಕೇಳಿಸಬೇಕು ಅನ್ನುವಷ್ಟು ಮೆಲ್ಲಗೆ.
‘ಹೇಳಿದ್ದರೆ ವ್ಯಾನು ಮಾರು ಅನ್ನುತ್ತಿದ್ದೆ ನೀನು.’
ಅದು ನನಗೆ ಹೇಳಿದ್ದಲ್ಲ.
ಪಿಕ್ರಿಯಾ ಪೆಡಲಿನಿಂದ ಕಾಲು ತೆಗೆಯಲಿಲ್ಲ.

ದಾದಿ ಬೇರೆ ವ್ಯಾನಿನಲ್ಲಿ ಹೋದಳು. ಹಿಟ್ಟು ಇಲ್ಲೇ ಉಳಿಯಿತು.
ಮರುದಿನ ನಾಲ್ಕಕ್ಕೆ ತೆಲಾವಿಯ ಬಸ್ಸಿನಲ್ಲಿ
ಹಳೇ ಪೇಪರು ಸುತ್ತಿದ ಹೊಸ ಕೊಳವೆ ಬಂತು.
ಬಲಗಡೆಗೂ ಒಂದು, ಕೇಳದಿದ್ದರೂ ತರಿಸಿದ್ದೆ.

ಸೇತುವೆಯವರೆಗೆ ಓಡಿಸಿ ನೋಡಿದೆವು ಮೂವರೂ.
ತಿರುವು ಬಂತು. ಇಮೇದಾ ಒತ್ತಿದ. ವ್ಯಾನು ಹಿಡಿಯಿತು,
ಗಕ್ಕನೆ, ನಮ್ಮ ಹಣೆ ಮುಂದಕ್ಕೆ ಹೋಗುವಂತೆ.
ಆದರೂ ಅವನ ಪಾದ ಎದ್ದು
ಇನ್ನೊಮ್ಮೆ ಒತ್ತಿತು.

‘ಒಂದೇ ಸಲ’ ಅಂದಳು ಪಿಕ್ರಿಯಾ,
ಕಿಟಕಿಯಾಚೆ ನೋಡುತ್ತ.